ಈರುಳ್ಳಿ ಬೇಯುತ್ತೆ, ಆದರೆ ಕೆಂಪಾಗಲ್ಲ. ಯಾಕೆ?

ಓದುಗರ ಪ್ರಶ್ನೆ: ಮದುವೆಯಾಗಿ ಮಡಿಕೇರಿಗೆ ಬಂದು ಎರಡು ವರ್ಷವಾಯಿತು. ತವರಿನಲ್ಲಿ ಚೆನ್ನಾಗಿ ಕೆಂಪಾಗುತ್ತಿದ್ದ ಈರುಳ್ಳಿ ಇಲ್ಲಿ ನೀರು ಬಿಟ್ಟುಕೊಂಡು ಕೂರುತ್ತದೆ. ನೆಂಟರು ಬಂದ ದಿನವಂತೂ ಪೂರ್ತಿ ಮುದ್ದೆ. ಇದಕ್ಕೆ ಇಲ್ಲಿನ ಥಂಡಿ ಕಾರಣವಾ, ಎತ್ತರ ಕಾರಣವಾ?

ಎತ್ತರವಂತೂ ಅಲ್ಲ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಬೇಳೆ, ಮಾಂಸ ಬೇಯಲು ತುಸು ಜಾಸ್ತಿ ಹೊತ್ತು ಬೇಕು. ಈರುಳ್ಳಿ ಕೆಂಪಾಗುವ ಕತೆಯೇ ಬೇರೆ. ಅದು ಶುರುವಾಗುವುದೇ ನೀರೆಲ್ಲ ಆರಿದ ಮೇಲೆ.

ಈರುಳ್ಳಿಯ ತೂಕದಲ್ಲಿ ನೂರಕ್ಕೆ 89ರಷ್ಟು ನೀರೇ. ಅರ್ಧ ಕೆಜಿ ಹೆಚ್ಚಿ ಬಾಣಲೆಗೆ ಸುರಿದರೆ ಎರಡು ಲೋಟಕ್ಕೂ ಜಾಸ್ತಿ ನೀರು ಸುರಿದ ಹಾಗೆ. ಆ ನೀರು ಇರುವವರೆಗೆ ಬಿಸಿ ಕುದಿಯುವ ಮಟ್ಟ ದಾಟುವುದಿಲ್ಲ. ಚೆನ್ನಾಗಿ ಕೆಂಪಾಗಲು 140 ಡಿಗ್ರಿಯ ಆಸುಪಾಸು ಬೇಕು. ನೆಂಟರು ಬಂದ ದಿನ ಈರುಳ್ಳಿ ಮೂರು ಪಟ್ಟು, ಬಾಣಲೆ ಮಾತ್ರ ಅದೇ, ಅಲ್ವಾ? ಇಪ್ಪತ್ತು ಜನರ ಕೋಳಿ ಸಾರಿಗೆ ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ತುಂಬಿ, ಮೇಲೆ ಮುಚ್ಚಳವನ್ನೂ ಮುಚ್ಚಿ, ನಾನೂ ಮುಕ್ಕಾಲು ಗಂಟೆ ಕಾದು ಕೂತಿದ್ದೆ. ಬಂದಿದ್ದು ಗಂಜಿ.

ಅಗಲದ ಬಾಣಲೆ ಇಡಿ. ಒಂದು ಸಲಕ್ಕೆ ಒಂದು ಪದರದಷ್ಟೇ ಹಾಕಿ, ಮುಚ್ಚಬೇಡಿ. ಮೊದಲು ಉರಿ ಜೋರಾಗಿರಲಿ, ನೀರು ಆರಿದ ಮೇಲೆ ಸಣ್ಣಗೆ ಮಾಡಿ. ಇಪ್ಪತ್ತು ನಿಮಿಷ ಹಿಡಿದರೂ ಗಾಬರಿ ಬೇಡ. ‘ಐದು ನಿಮಿಷದಲ್ಲಿ ಕೆಂಪಾಗುತ್ತದೆ’ ಅನ್ನುವವರ ಮಾತು ನಾನು ನಂಬುವುದಿಲ್ಲ. ಚಿಟಿಕೆ ಸೋಡಾ ಹಾಕಿದರೆ ಬೇಗ ಕೆಂಪಾಗುವುದು ನಿಜ. ಆದರೆ ಎಸಳು ಕರಗಿ ಹೋಗುತ್ತದೆ, ನೇರಳೆ ಬಣ್ಣ ಹಸಿರು ತಿರುಗುತ್ತದೆ. ನನಗಂತೂ ಬೇಡ.

ಥಂಡಿಗಿಂತ ಈರುಳ್ಳಿಯ ಪಾಲೇ ಜಾಸ್ತಿ. ಈರುಳ್ಳಿ ನಮಗೆ ಬಯಲುಸೀಮೆಯಿಂದ ಬರಬೇಕು. ಮುಂಗಾರಿನ ಬೆಳೆ ಹುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ಸಂತೆ ತುಂಬ ಇರುತ್ತದೆ. ಸಿಪ್ಪೆ ತೆಳು, ಒಳಗೆ ರಸ ಜಾಸ್ತಿ. ಪಜ್ಜಿಗೆ, ಹಸಿಯಾಗಿ ಕಚ್ಚಿಕೊಳ್ಳಲು ಅದು ಚೆಂದ. ಹುರಿಯಲು ಮಾತ್ರ ಒಣಗಿದ, ಕುತ್ತಿಗೆ ಗಟ್ಟಿಯಾಗಿ ಮುಚ್ಚಿಕೊಂಡ ಹಳೇ ಗಡ್ಡೆಯನ್ನೇ ಆರಿಸಿ. ಶುಕ್ರವಾರದ ಸಂತೆಯಲ್ಲಿ ಒಂದನ್ನು ಹಿಸುಕಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಪಂದಿ ಕರಿಗಾಗಿ (ಕೊಡಗಿನ ಹಂದಿಮಾಂಸದ ಸಾರು) ಇಷ್ಟೆಲ್ಲ ಒದ್ದಾಡುತ್ತಿದ್ದರೆ ನಿಲ್ಲಿಸಿ. ಅದರ ಕಪ್ಪು ಈರುಳ್ಳಿಯಿಂದ ಬರುವುದೇ ಅಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಸಾಸಿವೆಯನ್ನು ಕಪ್ಪಾಗುವ ತನಕ ಹುರಿದು ಮಾಡಿದ ಪುಡಿಯಿಂದ, ಮತ್ತೆ ಕಾಚಂಪುಳಿ ಅನ್ನುವ ಕಪ್ಪು ಹುಳಿಯಿಂದ ಬರುತ್ತದೆ. ನಮ್ಮ ಮನೆಯಲ್ಲಿ ಒಂದು ಕೆಜಿ ಮಾಂಸಕ್ಕೆ ಮೂರ್ನಾಲ್ಕು ಮಧ್ಯಮ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಜೊತೆ ತರಿತರಿಯಾಗಿ ರುಬ್ಬಿ ಹಾಕುತ್ತೇವೆ. ಮಾಂಸದ ಕೊಬ್ಬು ಕರಗಿದಂತೆ ಅದರಲ್ಲೇ ಈರುಳ್ಳಿ ಬೇಯುತ್ತದೆ. ಅದರ ಕೆಲಸ ಸಿಹಿ ಕೊಡುವುದು, ಗಸಿ ಗಟ್ಟಿ ಮಾಡುವುದು, ಅಷ್ಟೆ.

ಕಾಚಂಪುಳಿಯನ್ನು ಮಾತ್ರ ಕೊನೆಗೇ ಹಾಕಿ. ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ಹುಳಿ ಅದು, ಬಲು ಜೋರು. ಹುಳಿ ಬಿದ್ದಲ್ಲಿ ಈರುಳ್ಳಿ ಮೆತ್ತಗಾಗಲು ತಡ, ಕೆಂಪಾಗಲು ಇನ್ನೂ ತಡ. ಟೊಮೇಟೊಗೂ ಇದೇ ಮಾತು. ಕೋಳಿ ಕರಿಗೆ ಈರುಳ್ಳಿ ಕೆಂಪಾಗುವ ಮೊದಲೇ ಟೊಮೇಟೊ ಹಾಕಿದರೆ ಆಮೇಲೆ ಎಷ್ಟು ಕೈಯಾಡಿಸಿದರೂ ಸುಖವಿಲ್ಲ.

ಮಳೆಗಾಲಕ್ಕೆಂದು ಹೆಚ್ಚು ತಂದಿಟ್ಟರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಡಬೇಡಿ, ಎರಡೇ ವಾರದಲ್ಲಿ ಮೊಳಕೆ, ಕಪ್ಪು ಬೂಷ್ಟು. ಬಿದಿರಿನ ಬುಟ್ಟಿಯಲ್ಲಿ ಹರಡಿ, ಸೌದೆ ಒಲೆಯ ಬಿಸಿ ತಾಗುವ ಕಡೆ ಇಡಿ. ಒಲೆ ಇಲ್ಲದವರು ವಾರಕ್ಕೆ ಬೇಕಾದಷ್ಟೇ ತಂದರೆ ಸಾಕು.