ಪದ ಪರಿಚಯ: ಪಾಸಿಟಿವ್ ಸೈಕಾಲಜಿ

‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂಬ ಬುದ್ಧಿವಾದ ಬೆಳಗಿನ ವಾಟ್ಸಾಪ್ ಸಂದೇಶದಿಂದ ಹಿಡಿದು ಶಿವಮೊಗ್ಗದ ಕಾಲೇಜು ಸಮಾರಂಭದವರೆಗೆ ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ. ಪಾಸಿಟಿವ್ ಸೈಕಾಲಜಿ ಅದಲ್ಲ. ಬದುಕು ಚೆನ್ನಾಗಿ ಸಾಗುತ್ತಿರುವಾಗ ಅದರೊಳಗೆ ಏನೇನು ಇರುತ್ತದೆ ಎಂದು ಅಳೆದು, ಪರೀಕ್ಷಿಸಿ ನೋಡುವ ಮನೋವಿಜ್ಞಾನದ ಒಂದು ಶಾಖೆ ಅದು.

ಈ ಹೆಸರನ್ನು ಮನೋವಿಜ್ಞಾನಿ ಅಬ್ರಹಾಂ ಮಾಸ್ಲೊ 1954ರಲ್ಲೇ ಬಳಸಿದ್ದರು. ಶಾಖೆಯಾಗಿ ಕಟ್ಟಿದವರು ಮಾರ್ಟಿನ್ ಸೆಲಿಗ್ಮನ್, 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾಗಿದ್ದಾಗ. ಎರಡನೇ ಮಹಾಯುದ್ಧದ ನಂತರ ಮನೋವಿಜ್ಞಾನ ಕಾಯಿಲೆಯ ಬೆನ್ನಿಗೇ ಬಿದ್ದಿದೆ, ಧೈರ್ಯ, ಕುತೂಹಲ, ಸ್ನೇಹವನ್ನು ಕೇಳುವವರಿಲ್ಲ ಎಂಬುದು ಅವರ ತಕರಾರು. ತಮಾಷೆಯೆಂದರೆ, ಅವರೇ ಹೆಸರು ಮಾಡಿದ್ದು 1960ರ ದಶಕದಲ್ಲಿ ನಾಯಿಗಳು ಅಸಹಾಯಕತೆಯನ್ನು ಹೇಗೆ ಕಲಿಯುತ್ತವೆ ಎಂದು ತೋರಿಸಿ!

ಕೋರಿ ಕೀಸ್ ಎಂಬ ಸಮಾಜವಿಜ್ಞಾನಿ 2002ರಲ್ಲಿ ಮಾಡಿದ ವಿಂಗಡಣೆ ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. ಮಾನಸಿಕ ಕಾಯಿಲೆ ಇಲ್ಲದಿರುವುದು ಬೇರೆ, ಮನಸ್ಸು ಅರಳಿರುವುದು ಬೇರೆ. ಮಲೆನಾಡಿನ ಹಳ್ಳಿಯನ್ನೇ ನೋಡಿ: ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ಚೌಕಿಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ ಉಳಿದಿರುತ್ತಾರೆ. ‘ಹುಷಾರಿದೀರಾ ದೊಡ್ಡಪ್ಪ?’ ಎಂದರೆ, ‘ಏನಿಲ್ಲ ಮಾರಾಯ, ಹೀಗೇ ಇದೀನಿ.’ ಡಾಕ್ಟರು ಬರೆದುಕೊಳ್ಳುವಂಥದ್ದು ಏನೂ ಇಲ್ಲ, ಆದರೆ ಯಾವುದರಲ್ಲೂ ಮನಸ್ಸಿಲ್ಲ. ಕೀಸ್ ಇದನ್ನು ‘ಲ್ಯಾಂಗ್ವಿಶಿಂಗ್’ ಎಂದರು, ಅರಳಿದ ಸ್ಥಿತಿಯನ್ನು ‘ಫ್ಲರಿಶಿಂಗ್’ ಎಂದರು.

ಅರಳಲು ಏನು ಬೇಕು? 2011ರಲ್ಲಿ ಸೆಲಿಗ್ಮನ್ ಐದು ಹೇಳಿದರು: ಹಿತವಾದ ಭಾವನೆ, ತಲ್ಲೀನತೆ, ಸಂಬಂಧ, ಬದುಕಿಗೊಂದು ಅರ್ಥ, ಸಾಧನೆ. ಇವುಗಳಲ್ಲಿ ತಲ್ಲೀನತೆ ಸ್ವಾರಸ್ಯದ್ದು. ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಬಂಡೆ ಹತ್ತುವವರು, ಚೆಸ್ ಆಟಗಾರರು, ಶಸ್ತ್ರವೈದ್ಯರನ್ನೆಲ್ಲ ಮಾತಾಡಿಸಿ 1975ರಲ್ಲಿ ಅದನ್ನು ‘ಫ್ಲೋ’ ಎಂದು ವಿವರಿಸಿದರು. ಅಡಿಕೆ ಕೊಯ್ಲಿನಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡನನ್ನು ನೋಡಿ. ಮರದ ತುದಿಯಲ್ಲಿ ಕೂತು ಕೊನೆ ಕೊಯ್ದು, ಹಗ್ಗದ ಮೇಲೆ ಜಾರಿಬಿಟ್ಟು, ಕೆಳಗಿಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿಯುತ್ತಾನೆ. ಮುಂದಿನ ಮರ ಯಾವುದು ಎಂಬುದು ಗೊತ್ತು, ಹಿಡಿತ ಸರಿಯೋ ತಪ್ಪೋ ತಕ್ಷಣ ಗೊತ್ತಾಗುತ್ತದೆ, ಕೆಲಸದ ಕಷ್ಟವೂ ಕೈಯ ಪಳಗಿಕೆಯೂ ಸರಿಸಮ. ಫ್ಲೋಗೆ ಬೇಕಾದ್ದೆಲ್ಲ ಇಲ್ಲಿದೆ. ಆ ಹೊತ್ತಿನಲ್ಲಿ ‘ಖುಷಿಯಾಗಿದೀಯಾ’ ಎಂದು ಕೇಳಿದರೆ ಬೈಗುಳ ಗ್ಯಾರಂಟಿ. ಖುಷಿ ಗಮನಕ್ಕೆ ಬರುವುದು ಕೆಳಗಿಳಿದ ಮೇಲೆ ಎಂದು ಚಿಕ್ಸೆಂಟ್‌ಮಿಹಾಯ್ ಕೂಡ ಹೇಳಿದ್ದರು.

ಈ ಶಾಖೆ ಮುಗ್ಗರಿಸಿದ್ದೂ ಉಂಟು. ಒಂದು ಕೆಟ್ಟ ಭಾವನೆಗೆ ಸುಮಾರು 2.9 ಒಳ್ಳೆಯ ಭಾವನೆ ಇದ್ದರೆ ಮನುಷ್ಯ ಅರಳುತ್ತಾನೆ ಎಂದು 2005ರಲ್ಲಿ ಸಂಶೋಧಕರಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಲೆಕ್ಕ ಕೊಟ್ಟರು. ಅದರ ಗಣಿತಕ್ಕೆ ಬುಡವೇ ಇಲ್ಲ ಎಂದು 2013ರಲ್ಲಿ ನಿಕ್ ಬ್ರೌನ್, ಆಗಿನ್ನೂ ಸ್ನಾತಕೋತ್ತರ ವಿದ್ಯಾರ್ಥಿ, ಇನ್ನಿಬ್ಬರ ಜೊತೆ ತೋರಿಸಿಕೊಟ್ಟರು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಈ ಶಾಖೆ ಎಲ್ಲ ಹೊಣೆಯನ್ನೂ ಒಬ್ಬೊಬ್ಬರ ಮನಸ್ಸಿನ ಮೇಲೆ ಹೊರಿಸುತ್ತದೆ. ತೀರ್ಥಹಳ್ಳಿ, ಹೊಸನಗರದ ಅಡಿಕೆ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿ, ಸಾಲ ತಲೆಯ ಮೇಲಿರುವವನ ಚಿಂತೆಗೆ ಕಾರಣ ಅವನ ಯೋಚನಾ ಕ್ರಮವಲ್ಲ. ಸೆಲಿಗ್ಮನ್ನರ ಐದರಲ್ಲಿ ದೇಹಾರೋಗ್ಯವೂ ಇರಲಿಲ್ಲ, ಹಣಕಾಸಿನ ಭದ್ರತೆಯೂ ಇರಲಿಲ್ಲ. ಆಮೇಲಿನ ಸಂಶೋಧಕರು ಅವೆರಡನ್ನೂ ಪಟ್ಟಿಗೆ ಸೇರಿಸಿದ್ದಾರೆ.