ಕಾಫಿ ಐಸ್‌ಕ್ರೀಮಿಗೆ ಡಿಕಾಕ್ಷನ್ ಯಾಕೆ ಬೇಡ

ಮನೆಯಲ್ಲಿ ಕಾಫಿ ಐಸ್‌ಕ್ರೀಮ್ ಮಾಡಲು ಹೊರಟವರು ಮೊದಲು ಕೈಹಾಕುವುದು ಫಿಲ್ಟರಿಗೆ. ಗಟ್ಟಿ ಡಿಕಾಕ್ಷನ್ ಇಳಿಸಿ, ಹಾಲು ಸಕ್ಕರೆಗೆ ಬೆರೆಸಿ, ಡಬ್ಬಿಗೆ ಸುರಿದು ಫ್ರೀಜರಿನಲ್ಲಿಡುತ್ತಾರೆ. ಮರುದಿನ ತೆಗೆದರೆ ಚಮಚ ಬಾಗುತ್ತದೆ, ಹಲ್ಲಿಗೆ ಐಸ್ ಕರಕರ ಎನ್ನುತ್ತದೆ, ನಾಲಿಗೆಗೆ ಕಹಿ ಸಿಗುತ್ತದೆಯೇ ಹೊರತು ಕಾಫಿಯ ಪರಿಮಳ ಸಿಗುವುದಿಲ್ಲ. ಪುಡಿ ಸರಿಯಿಲ್ಲವೆಂದು ಮುಂದಿನ ಸಲ ಅಂಗಡಿ ಬದಲಾಯಿಸುತ್ತಾರೆ. ತಪ್ಪು ಪುಡಿಯದ್ದಲ್ಲ, ನೀರಿನದು. ಹಿತ್ತಲಲ್ಲೇ ಕಾಫಿ ಒಣಗಿಸುವ ಕೊಡಗಿನ ಮನೆಗಳಲ್ಲೂ ಹೀಗಾಗುತ್ತದಲ್ಲ ಎಂಬುದೇ ಬೇಸರ. ಇದಕ್ಕೆ ಬೇಕಾದದ್ದು ಡಿಕಾಕ್ಷನ್ ಅಲ್ಲ, ಹುರಿದ ಇಡೀ ಬೀಜ.

100 ಮಿಲಿ ಡಿಕಾಕ್ಷನಿನಲ್ಲಿ 90 ಗ್ರಾಮಿನಷ್ಟಾದರೂ ಬರೀ ನೀರು. ಐಸ್‌ಕ್ರೀಮ್ ಎಂದು ಹೆಸರು ಹಾಕಿ ಮಾರಬೇಕಾದರೆ ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ ಶೇ. 10 ಹಾಲಿನ ಕೊಬ್ಬು, ಒಟ್ಟು ಶೇ. 36 ಘನಾಂಶ ಇರಬೇಕು. ಡಿಕಾಕ್ಷನ್ ಸುರಿದಷ್ಟೂ ಈ ಎರಡೂ ತೆಳುವಾಗುತ್ತವೆ, ಹೆಚ್ಚಾದ ನೀರು ಹರಳುಗಟ್ಟುತ್ತದೆ. ಇನ್ನೊಂದು ನಷ್ಟ ಪರಿಮಳದ್ದು. ಹುರಿದ ಕಾಫಿಯಲ್ಲಿ 800ಕ್ಕೂ ಹೆಚ್ಚು ಆವಿಯಾಗುವ ರಾಸಾಯನಿಕಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಹಲವು ನೀರಿಗಿಂತ ಕೊಬ್ಬನ್ನೇ ಹೆಚ್ಚು ಇಷ್ಟಪಡುತ್ತವೆ. ಕುದಿನೀರು ಸುರಿದಾಗ ಅಡುಗೆಮನೆಯೆಲ್ಲ ಘಮ್ಮೆನ್ನುತ್ತದಲ್ಲ, ಆ ಘಮವೆಲ್ಲ ಲೋಟದಿಂದ ಹೊರಗೆ ಹೋದದ್ದೇ. ಬೀಜವನ್ನು ತಣ್ಣನೆಯ ಕೆನೆಹಾಲಿನಲ್ಲಿ ನೆನೆಹಾಕಿದರೆ ಆ ಪರಿಮಳ ಕೊಬ್ಬಿನ ಹನಿಗಳೊಳಗೆ ಇಳಿದು ಅಲ್ಲೇ ಉಳಿಯುತ್ತದೆ. ಕಹಿ ಹೊರಬರುವುದು ಕಡಿಮೆ, ಬಣ್ಣವಂತೂ ಬಹಳ ಕಡಿಮೆ. ನೋಡಲು ಹೆಚ್ಚುಕಡಿಮೆ ಬಿಳಿ, ಬಾಯಿಗಿಟ್ಟರೆ ಪೂರಾ ಕಾಫಿ.

ಅಳತೆ ಹೀಗಿರಲಿ: ಶೇ. 6 ಕೊಬ್ಬಿನ ಗಟ್ಟಿ ಹಾಲು 500 ಮಿಲಿ, ಪೊಟ್ಟಣದ ಫ್ರೆಶ್ ಕ್ರೀಮ್ (ಶೇ. 25 ಕೊಬ್ಬು) 250 ಮಿಲಿ, ಸಕ್ಕರೆ 90 ಗ್ರಾಂ, ಜೇನು 30 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 35 ಗ್ರಾಂ, ಉಪ್ಪು ಒಂದು ಚಿಟಿಕೆ, ಹುರಿದ ಇಡೀ ಬೀಜ 50 ಗ್ರಾಂ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಬಿಡಬೇಡಿ. ಹಾಲಿನ ಪುಡಿ ಹೆಚ್ಚಾದರೆ ಅದರ ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಕ್ಕರೆ, ಹರಳುಗಟ್ಟಿ ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ, ಆಮೇಲೆ ಎಷ್ಟು ಕಡೆದರೂ ಹೋಗುವುದಿಲ್ಲ.

ಬೀಜ ಆರಿಸುವಾಗ ಅರೇಬಿಕಾ ಪಾರ್ಚ್‌ಮೆಂಟಿನದು (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು) ಮುಕ್ಕಾಲು ಪಾಲು, ರೋಬಸ್ಟಾ ಕಾಲು ಪಾಲು ಸಾಕು. ಹಣ್ಣಿನ ಸಮೇತ ಒಣಗಿಸಿದ ರೋಬಸ್ಟಾ ಚೆರಿಯೊಂದನ್ನೇ ಹಾಕಿದರೆ ಮಣ್ಣುವಾಸನೆ ಮುಂದಾಗುತ್ತದೆ. ರೋಬಸ್ಟಾದಲ್ಲಿ ಕೆಫೀನೂ ಅರೇಬಿಕಾದ ಸುಮಾರು ಎರಡರಷ್ಟಿರುತ್ತದೆ. ಬಾಣಲೆಯಲ್ಲಿ ಹುರಿಯುವುದಾದರೆ ಮೊದಲ ಚಟಪಟ ಸದ್ದು ನಿಂತು ಸ್ವಲ್ಪ ಹೊತ್ತಿಗೆ ಇಳಿಸಿ. ಬೀಜದ ಮೈಮೇಲೆ ಎಣ್ಣೆ ಹೊಳೆಯತೊಡಗಿದರೆ ಹೆಚ್ಚಾಯಿತು ಎಂದೇ ಅರ್ಥ. ಹುರಿದ ದಿನವೇ ಬಳಸದೆ ಒಂದೆರಡು ದಿನ ಬಿಡಿ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬರಲಿ.

ಹಾಲು, ಸಕ್ಕರೆ, ಹಾಲಿನ ಪುಡಿ ಸೇರಿಸಿ ಕಾಯಿಸಿ. ಕುದಿ ಬರುವ ಮೊದಲು, ಅಂಚಿನಲ್ಲಿ ಗುಳ್ಳೆ ಕಟ್ಟುವಾಗ ಉರಿ ಸಣ್ಣ ಮಾಡಿ ಐದು ನಿಮಿಷ ಕೈಯಾಡಿಸಿ. ಕ್ರೀಮ್ ಸೇರಿಸಿ ಇಳಿಸಿ, ಪೂರ್ತಿ ತಣಿದ ಮೇಲೆ ಜೇನು ಮತ್ತು ಬೀಜ ಹಾಕಿ ಫ್ರಿಜ್ಜಿನ ಕೆಳಭಾಗದಲ್ಲಿ 12ರಿಂದ 16 ಗಂಟೆ ಇಡಿ. ಬೀಜ ಪುಡಿ ಮಾಡಬೇಡಿ. ಬಟ್ಟೆಯಲ್ಲಿ ಸೋಸಿದರೂ ನುಣುಪು ಪುಡಿ ಇಳಿದು ಒಗರಾಗುತ್ತದೆ. ಅದೇ ರಾತ್ರಿಯಲ್ಲಿ ಇನ್ನೊಂದು ಕೆಲಸವೂ ಆಗುತ್ತಿರುತ್ತದೆ: ಕರಗಿದ್ದ ಕೊಬ್ಬು ಒಳಗೊಳಗೇ ಗಟ್ಟಿಯಾಗಿ, ಕಡೆಯುವಾಗ ಒಂದಕ್ಕೊಂದು ಅಂಟಿ ಗಾಳಿಯನ್ನು ಹಿಡಿದಿಡಲು ಸಿದ್ಧವಾಗುತ್ತದೆ. ಬೆಳಿಗ್ಗೆ ಸೋಸಿದಾಗ ಬೀಜ ಒಂದಿಷ್ಟು ಹಾಲು ಕುಡಿದಿರುತ್ತದೆ. ಅಷ್ಟೇ ಹಾಲು ಮತ್ತೆ ಸೇರಿಸಿ. ಈಗ ರುಚಿ ನೋಡಿದರೆ ಸಿಹಿ ಅತಿಯಾಯಿತು ಅನಿಸಬೇಕು. ಸಿಹಿಯ ಸುದ್ದಿ ಸಾಗಿಸಲು ನೆರವಾಗುವ ಟಿಆರ್‌ಪಿಎಂ5 ಎಂಬ ಪ್ರೋಟೀನು ನಾಲಿಗೆಯ ರುಚಿಕೋಶಗಳಲ್ಲಿದೆ. ತಣ್ಣಗಾದಷ್ಟೂ ಅದು ಮಂಕಾಗುತ್ತದೆ. ಈಗಲೇ ಹದವಾಗಿದೆ ಎನಿಸಿದರೆ ಹೆಪ್ಪುಗಟ್ಟಿದ ಮೇಲೆ ಸಪ್ಪೆ.

ಇನ್ನು ಹೆಪ್ಪುಗಟ್ಟಿಸುವುದು. ತುಪ್ಪ ಕಾಸಿದವರಿಗೆ ಇದರ ಮರ್ಮ ಗೊತ್ತಿದೆ: ನಿಧಾನವಾಗಿ ತಣಿದ ತುಪ್ಪ ಮರಳು ಮರಳಾಗುತ್ತದೆ, ಬೇಗ ತಣಿಸಿದ್ದು ನುಣ್ಣಗಿರುತ್ತದೆ. ಕಲ್ಲುಸಕ್ಕರೆಯ ದಪ್ಪ ಹರಳು ಬೆಳೆಯುವುದೂ ನಿಧಾನದಿಂದಲೇ. ತುಪ್ಪದಲ್ಲಿ ಮರಳು ಬೇಕು, ಐಸ್‌ಕ್ರೀಮಿನಲ್ಲಿ ಬೇಡ. ಹರಳು 50 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ, ಚಿಕ್ಕದಿದ್ದರೆ ನಾಲಿಗೆಗೆ ತಿಳಿಯುವುದಿಲ್ಲ. ಫ್ರೀಜರಿನ ತಣ್ಣನೆ ಗಾಳಿ ಶಾಖ ಎಳೆಯುವುದು ಬಹಳ ನಿಧಾನ, ಅಲುಗದ ಡಬ್ಬಿಯಲ್ಲಿ ಹರಳಿಗೆ ಬೆಳೆಯಲು ಬೇಕಾದಷ್ಟು ಪುರಸೊತ್ತು. ಅದಕ್ಕೇ ಡಬ್ಬಿಯನ್ನು ಐಸ್ ಮತ್ತು ಕಲ್ಲುಪ್ಪು ತುಂಬಿದ ಬಕೆಟ್ಟಿನ ನಡುವೆ ಕೂರಿಸಿ ತಿರುಗಿಸುವುದು.

ಉಪ್ಪಿಗೆ ಶೀತದ ಗುಣವಿದೆ, ಅದಕ್ಕೇ ಐಸ್ ಇನ್ನಷ್ಟು ತಣ್ಣಗಾಗುತ್ತದೆ ಎನ್ನುವವರಿದ್ದಾರೆ. ಉಪ್ಪಿಗೆ ಅಂಥ ಯಾವ ಗುಣವೂ ಇಲ್ಲ. ಕರಗುತ್ತಿರುವ ಐಸಿನ ಮೈಯನ್ನು ಮಡಿಕೇರಿ ಬಸ್‌ಸ್ಟ್ಯಾಂಡ್ ಎಂದುಕೊಳ್ಳಿ. ನೀರಿನ ಅಣುಗಳು ಅಲ್ಲಿಂದ ಹೊರಡುತ್ತಲೂ ಇರುತ್ತವೆ, ಮರಳಿ ಬರುತ್ತಲೂ ಇರುತ್ತವೆ. 0 ಡಿಗ್ರಿಯಲ್ಲಿ ಹೋಗುವವರು ಬರುವವರು ಸಮಸಮ, ನಿಲ್ದಾಣದ ಜನಸಂಖ್ಯೆ ಬದಲಾಗುವುದಿಲ್ಲ. ಈಗ ಸುತ್ತಲಿನ ನೀರಿಗೆ ಉಪ್ಪು ಹಾಕಿ. ಬರುವ ದಾರಿಯಲ್ಲಿ ಉಪ್ಪಿನ ಕಣಗಳು ಗುಂಪುಗಟ್ಟಿ ನಿಂತಂತೆ, ಮರಳುವವರ ಸಂಖ್ಯೆ ಇಳಿಯಿತು. ಹೊರಡುವವರಿಗೆ ಅಡ್ಡಿಯಿಲ್ಲ. ಪ್ರತಿ ಗ್ರಾಂ ಐಸ್ ಹೊರಡಲು 334 ಜೂಲ್ ಶಾಖದ ಟಿಕೆಟ್ ಕೊಳ್ಳಬೇಕು. ಮರಳಿ ಬಂದವರು ಆ ದುಡ್ಡು ವಾಪಸ್ ಕೊಡುತ್ತಿದ್ದರು, ಈಗ ಕೊಡುವವರು ಕಡಿಮೆಯಾದರು. ಹಾಗಾಗಿ ಟಿಕೆಟ್ಟಿನ ದುಡ್ಡೆಲ್ಲ ಐಸಿನಿಂದ, ಉಪ್ಪುನೀರಿನಿಂದ, ನಡುವೆ ಕೂತ ನಿಮ್ಮ ಡಬ್ಬಿಯಿಂದ ವಸೂಲಾಗುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಇಂಥದೇ ವಸೂಲಿ. ಆವಿಯಾಗಿ ಹೊರಟ ನೀರು ಉಳಿದ ನೀರಿನ ಶಾಖ ಒಯ್ಯುತ್ತದೆ. ಗದ್ದೆಯ ಏರಿ ಒಡೆದಂತೆ ಎಂದರೂ ಸರಿ: ಮೇಲಿನ ಗದ್ದೆಯ ನೀರು ಕೆಳಗಿನ ಹೊಸ ಮಟ್ಟಕ್ಕೆ ಬರುವ ತನಕ ಹರಿವು ನಿಲ್ಲದು. ಇಲ್ಲಿ ಆ ಹೊಸ ಮಟ್ಟ, ಉಪ್ಪು ಭರ್ತಿ ಕರಗಿದ್ದರೆ, ಮೈನಸ್ 21 ಡಿಗ್ರಿ.

ಲವಣ ಕರಗಿಸಿ ತಣಿಸುವ ಉಪಾಯದ ಇತಿಹಾಸ ದೊಡ್ಡದು. ಅಕ್ಬರನ ಕಾಲದಲ್ಲಿ ನೀರಿಗೆ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಕರಗಿಸಿ, ಅದರಲ್ಲಿ ಪಾತ್ರೆಯಿಟ್ಟು ಕುಡಿಯುವ ನೀರು ತಂಪು ಮಾಡುತ್ತಿದ್ದ ದಾಖಲೆಯಿದೆ. ಫ್ಯಾರನ್‌ಹೀಟ್ ತನ್ನ ಮಾಪಕದ ಸೊನ್ನೆಯನ್ನು ಗುರುತಿಸಿದ್ದು ಐಸ್, ನೀರು, ನವಸಾಗರದ (ಅಮೋನಿಯಂ ಕ್ಲೋರೈಡ್) ಮಿಶ್ರಣದಲ್ಲಿ. ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಅಮೆರಿಕದ ನ್ಯಾನ್ಸಿ ಜಾನ್ಸನ್ ಪೇಟೆಂಟ್ ಪಡೆದದ್ದು 1843ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1833ರಲ್ಲಿ, ಬೋಸ್ಟನ್ನಿನ ಕೆರೆಯ ಐಸ್ ಹಡಗಿನಲ್ಲಿ ಕಲ್ಕತ್ತಾಕ್ಕೆ ಬಂದಿಳಿದಿತ್ತು. ಅಂಥ ಐಸ್ ಕೂಡಿಡಲು ಮದರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್‌ಹೌಸೇ ಮುಂದೆ ವಿವೇಕಾನಂದರು 1897ರಲ್ಲಿ ತಂಗಿದ್ದ ಕಟ್ಟಡ.

ಮೇಲಿನ ಅಳತೆಯಲ್ಲಿ ಸುಮಾರು 610 ಗ್ರಾಂ ನೀರಿದೆ. ಅದರಲ್ಲಿ ಅರ್ಧವನ್ನು ಹೆಪ್ಪುಗಟ್ಟಿಸಿ ಮೈನಸ್ 5 ಡಿಗ್ರಿಗೆ ಇಳಿಸಲು 400 ಗ್ರಾಂ ಐಸ್ ಕರಗಿದರೆ ಲೆಕ್ಕಕ್ಕೆ ಸಾಕು. ಬಕೆಟ್ಟು ಹೊರಗಿನ ಶಾಖವನ್ನೂ ಎಳೆದುಕೊಳ್ಳುವುದರಿಂದ 3 ಕಿಲೋ ಪುಡಿ ಐಸ್, 1 ಕಿಲೋ ಕಲ್ಲುಪ್ಪು ಇಟ್ಟುಕೊಳ್ಳಿ. ಪದರ ಪದರವಾಗಿ ಹಾಕಿ ಒಂದು ಲೋಟ ನೀರು ಸುರಿಯಿರಿ. ನೀರಿಲ್ಲದಿದ್ದರೆ ಐಸ್ ತುಂಡುಗಳ ನಡುವೆ ಗಾಳಿ ಉಳಿದು ಡಬ್ಬಿಗೆ ತಣ್ಣನೆ ತಾಗುವುದಿಲ್ಲ. ತೆಳು ಸ್ಟೀಲ್ ಡಬ್ಬಿಯನ್ನು ಮುಕ್ಕಾಲಷ್ಟೇ ತುಂಬಿ ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಮೂರು ನಾಲ್ಕು ನಿಮಿಷಕ್ಕೊಮ್ಮೆ ಮುಚ್ಚಳ ಒರೆಸಿ ತೆಗೆದು ಗೋಡೆಗೆ ಕಟ್ಟಿದ ಪದರವನ್ನು ಮರದ ಸಟ್ಟುಗದಿಂದ ಕೆರೆದು ನಡುವಿಗೆ ತಳ್ಳಿ. ಒರೆಸದಿದ್ದರೆ ಒಂದು ಹನಿ ಉಪ್ಪುನೀರು ಬಿದ್ದರೂ ಎಲ್ಲ ಕೆಟ್ಟಿತು. ಅರ್ಧ ಗಂಟೆಯೊಳಗೆ ಸಟ್ಟುಗ ಎಳೆದ ಗೆರೆ ಮುಚ್ಚಿಕೊಳ್ಳದೆ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಕಡೆದರೆ ಬೆಣ್ಣೆ ಬರುತ್ತದೆ, ನಾಲಿಗೆಗೆ ಜಿಡ್ಡಿನ ಕಾಳು ಸಿಗುತ್ತದೆ. ಐಸ್‌ಕ್ರೀಮ್ ಎಂದರೆ ಅರ್ಧಕ್ಕೆ ನಿಲ್ಲಿಸಿದ ಬೆಣ್ಣೆ ಕಡೆಯುವಿಕೆಯೇ.

ಬಕೆಟ್ಟಿನಲ್ಲಿ ಉಪ್ಪು ಮಾಡಿದ್ದನ್ನೇ ಡಬ್ಬಿಯೊಳಗೆ ಸಕ್ಕರೆ ಮಾಡುತ್ತದೆ. ಲೆಕ್ಕಕ್ಕೆ ಬರುವುದು ತೂಕವಲ್ಲ, ಅಣುಗಳ ಸಂಖ್ಯೆ. ಸಕ್ಕರೆಯ ಅಣುತೂಕ 342, ಜೇನಿನಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸಿನದು 180. ಅದೇ ತೂಕಕ್ಕೆ ಹೆಚ್ಚುಕಡಿಮೆ ಎರಡರಷ್ಟು ಅಣುಗಳು, ಎರಡರಷ್ಟು ಅಡ್ಡಿ. 30 ಗ್ರಾಂ ಕೊಡಗಿನ ಜೇನು ಹಾಕಿದ ಐಸ್‌ಕ್ರೀಮಿಗೆ ಚಮಚ ಸಲೀಸಾಗಿ ಇಳಿಯುವುದು ಇದಕ್ಕೇ. 60 ಗ್ರಾಂ ಹಾಕಿದರೆ ಇನ್ನೂ ಮೆತ್ತಗಾಗುತ್ತದೆ. ಬೆಲ್ಲದ ಕಾಫಿಯ ರುಚಿ ಬೇಕೆಂದರೆ ಜೇನಿನ ಬದಲು 40 ಗ್ರಾಂ ಬೆಲ್ಲ ಹಾಕಬಹುದು. ಅದನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ತಣಿಸಿ, ತಣ್ಣನೆಯ ಹಾಲಿಗೇ ಸೇರಿಸಿ. ಬಿಸಿ ಹಾಲಿಗೆ ಬಿದ್ದರೆ ಬೆಲ್ಲದ ಹುಳಿಗೆ ಹಾಲು ಒಡೆಯುತ್ತದೆ.

ಚಿಕೋರಿ ಎಂದರೆ ಕಲಬೆರಕೆ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಪೊಟ್ಟಣದ ಮೇಲೆ ನಮೂದಿಸಿದರೆ ಕಾಫಿಯೊಂದಿಗೆ ಶೇ. 49ರವರೆಗೆ ಚಿಕೋರಿ ಬೆರೆಸಲು ಕಾನೂನೇ ಒಪ್ಪುತ್ತದೆ. ಆ ಬೇರಿನಲ್ಲಿರುವ ಇನುಲಿನ್ ಎಂಬ ನಾರು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಐಸ್‌ಕ್ರೀಮಿಗೆ ಅದು ಒಳ್ಳೆಯದೇ. ಹುರಿದಾಗ ಒಂದು ಪಾಲು ನಷ್ಟವಾಗುತ್ತದೆ, ನಿಜ. ಬಣ್ಣ ಮತ್ತು ಒಂದಿಷ್ಟು ಕಹಿ ಬೇಕೆನಿಸಿದರೆ ಚಿಕೋರಿ ಪುಡಿಯ ಗಟ್ಟಿ ಡಿಕಾಕ್ಷನ್ ಎರಡು ಚಮಚ ಸಾಕು, ಅದಕ್ಕಿಂತ ಹೆಚ್ಚು ಬೇಡ. ಕಾಫಿ ಉಷ್ಣ, ಐಸ್ ಶೀತ, ಎರಡೂ ಸೇರಿದರೆ ನೆಗಡಿ ಎಂಬ ಹೆದರಿಕೆಯನ್ನೂ ಬಿಡಿ. ನೆಗಡಿ ತರುವುದು ವೈರಸ್. ಮಕ್ಕಳಿಗೆ ರಾತ್ರಿ ಕೊಡಬಾರದೆಂಬುದಕ್ಕೆ ಕೆಫೀನ್ ಎಂಬ ನಿಜವಾದ ಕಾರಣವೇ ಇದೆ.

ಕಡೆದದ್ದನ್ನು ಚಪ್ಪಟೆ ಡಬ್ಬಿಗೆ ಹಾಕಿ, ಮೇಲ್ಮೈಗೆ ಬಟರ್ ಪೇಪರ್ ಒತ್ತಿ, ಫ್ರೀಜರಿನ ಹಿಂಗೋಡೆಗೆ ತಾಗಿಸಿ ನಾಲ್ಕು ಗಂಟೆ ಇಡಿ. ಬಾಗಿಲ ಬಳಿ ಬೇಡ. ಜೂನ್ ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವ ಊರಿನಲ್ಲಿ ಇದರ ದೊಡ್ಡ ವೈರಿ ಆ ಕರೆಂಟೇ. ಸ್ವಲ್ಪ ಬಿಸಿಯಾದಾಗ ಚಿಕ್ಕ ಹರಳು ಕರಗುತ್ತದೆ, ಮತ್ತೆ ತಣಿದಾಗ ಆ ನೀರು ದೊಡ್ಡ ಹರಳಿನ ಮೇಲೆ ಕೂರುತ್ತದೆ, ಹೊಸ ಹರಳು ಹುಟ್ಟುವುದಿಲ್ಲ. ನಾಲ್ಕಾರು ಸಲ ಹೀಗಾದರೆ ಡಬ್ಬಿ ತುಂಬ ಕರಕರ. ಕರೆಂಟು ಹೋದೊಡನೆ ಡಬ್ಬಿಗೆ ದಪ್ಪ ಟವೆಲ್ ಸುತ್ತಿ ಫ್ರೀಜರಿನಲ್ಲೇ ಬಿಡಿ, ಬಾಗಿಲು ತೆರೆಯಬೇಡಿ. ಕರಗಿಯೂ ಇನ್ನೂ ಫ್ರಿಜ್ಜಿನಷ್ಟು ತಣ್ಣಗಿದ್ದರೆ ಪೂರ್ತಿ ಕರಗಿಸಿ, ಒಂದು ಕುದಿಯ ತನಕ ಕಾಯಿಸಿ, ತಣಿಸಿ ಮತ್ತೆ ಕಡೆಯಬಹುದು. ಬೆಲ್ಲ ಹಾಕಿದ್ದಾದರೆ ಕಾಯಿಸಿದಾಗ ಒಡೆಯುತ್ತದೆ, ಅದನ್ನು ಆಗಲೇ ಮಿಲ್ಕ್‌ಶೇಕ್ ಮಾಡಿ ಕುಡಿದುಬಿಡಿ. ಗಂಟೆಗಟ್ಟಲೆ ಹೊರಗಿನ ಬಿಸಿಗೆ ಬಂದದ್ದಾದರೆ ಚೆಲ್ಲಿ.