ಕಡುಬಡವರಿಗೆ ಹಸು, ಆಡು ಕೊಡುವ ಅದೇ ಯೋಜನೆ ಮುರ್ಶಿದಾಬಾದಿನಲ್ಲಿ ಗೆದ್ದಿತು, ಮೇದಕ್‌ನಲ್ಲಿ ಏಕೆ ಸೋತಿತು?

ಕಿರುಸಾಲ ಕೊಟ್ಟರೆ ಬಡವರು ತಾವೇ ಮೇಲೆ ಬರುತ್ತಾರೆ ಎಂಬ ನಂಬಿಕೆಗೆ ಹೆಸರಾದ ದೇಶ ಬಾಂಗ್ಲಾದೇಶ. ಆ ನಂಬಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬೇಗ ಗುರುತಿಸಿದ್ದೂ ಅದೇ. 1972ರಲ್ಲಿ ಫಜ್ಲೆ ಹಸನ್ ಅಬೆದ್ ಕಟ್ಟಿದ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ ಗತಿಯಿಲ್ಲದ ಹೆಂಗಸರಿಗೆ ಎರಡು ವರ್ಷ ತಿಂಗಳಿಗೆ ಸುಮಾರು 30 ಕೆ.ಜಿ. ಗೋಧಿ, ಜೊತೆಗೆ ತರಬೇತಿ, ಕೊನೆಗೆ ಸಾಲ ಎಂಬ ಕ್ರಮ ಹಾಕಿತು. ಹಲವರು ಚೇತರಿಸಿಕೊಂಡರು. ತೀರಾ ಕೆಳಗಿದ್ದವರು ಮಾತ್ರ ಕಂತಿಗೆ ಹೆದರಿ ಸಾಲದ ಗುಂಪಿನಿಂದ ದೂರವೇ ಉಳಿದರು.

ಹಾಗಾಗಿ 2002ರಲ್ಲಿ ಸಾಲವನ್ನು ಬದಿಗಿಟ್ಟು ಹೊಸ ಯೋಜನೆ ಶುರುವಾಯಿತು. ಅದರ ಜೀವ ಇರುವುದು ಆಯ್ಕೆಯಲ್ಲಿ. ಊರವರನ್ನು ಕೂಡಿಸಿ ನೆಲದ ಮೇಲೆ ಊರಿನ ನಕ್ಷೆ ಬರೆಸುತ್ತಾರೆ, ಮನೆಗೊಂದು ಚೀಟಿ ಮಾಡಿ ಅನುಕೂಲಸ್ಥರಿಂದ ಕಡುಬಡವರವರೆಗೆ ಊರವರಿಂದಲೇ ಜೋಡಿಸುತ್ತಾರೆ. ಕೆಳಗಿನ ಚೀಟಿಗಳ ಮನೆಗೆ ಸಿಬ್ಬಂದಿ ಹೋಗಿ ನೋಡುತ್ತಾರೆ: ಜಮೀನು 10 ಡೆಸಿಮಲ್‌ಗಿಂತ, ಅಂದರೆ ನಮ್ಮ 4 ಗುಂಟೆಗಿಂತ, ಕಡಿಮೆಯೇ? ದುಡಿಯುವ ಗಂಡಸಿಲ್ಲವೇ? ಶಾಲೆಗೆ ಹೋಗಬೇಕಾದ ಮಗು ಕೂಲಿಗೆ ಹೋಗುತ್ತಿದೆಯೇ? ಮೇಲಧಿಕಾರಿ ಮತ್ತೆ ಪರಿಶೀಲಿಸಿದ ಮೇಲಷ್ಟೇ ಹೆಸರು ಖಾಯಂ.

ಆಮೇಲೆ ಹಸುವೋ ಆಡೋ ಕೋಳಿಯೋ ಪುಕ್ಕಟೆಯಾಗಿ ಸಿಗುತ್ತದೆ. ಹಸು ಹಾಲು ಕೊಡುವವರೆಗೆ ಹೊಟ್ಟೆಗೇನು? ಆ ನಡುವಿನ ತಿಂಗಳುಗಳಿಗೆಂದೇ ಭತ್ಯೆ. ಇಲ್ಲದಿದ್ದರೆ ಹಸು ಸಂತೆಗೆ ಹೋಗುತ್ತದೆ. ಕಾಯಿಲೆ ಬಿದ್ದರೂ ಅದೇ ಗತಿ, ಹಾಗಾಗಿ ಔಷಧೋಪಚಾರವೂ ಸೇರಿತು. ಜೊತೆಗೆ ಉಳಿತಾಯ, ಎರಡು ವರ್ಷ ಮನೆ ಭೇಟಿ. ಕೊಡುವ ಆಸ್ತಿ ತೀರಾ ಸಣ್ಣದಾದರೆ ಪ್ರಯೋಜನವಿಲ್ಲ: ಒಂದು ಮಟ್ಟ ದಾಟದ ಮನೆಗಳು ವರ್ಷಗಳಲ್ಲಿ ಮತ್ತೆ ಕೆಳಕ್ಕೆ ಜಾರಿದ್ದು ಬಾಂಗ್ಲಾದೇಶದ ಅಂಕಿಅಂಶಗಳಲ್ಲೇ ಕಂಡಿದೆ.

2006ರಿಂದ ಎಂಟು ದೇಶಗಳು ಇದನ್ನು ಪ್ರಯೋಗಿಸಿದವು. ಹೊಂಡುರಾಸ್‌ನಲ್ಲಿ ಬಹಳಷ್ಟು ಮಂದಿ ಕೋಳಿ ಆರಿಸಿಕೊಂಡರು. ರೋಗ ಬಂದು ಕೋಳಿಗಳು ಸತ್ತವು. ಪಶ್ಚಿಮ ಬಂಗಾಳದ ಮುರ್ಶಿದಾಬಾದಿನಲ್ಲಿ ಬಂಧನ್ ಎಂಬ ಕಿರುಸಾಲ ಸಂಸ್ಥೆ ಯೋಜನೆಗೆ ಕರೆದಾಗ ಮತಾಂತರದ ಗುಮಾನಿಯೂ ಎದ್ದು, ಸುಮಾರು ಅರ್ಧದಷ್ಟು ಮನೆಗಳು ಮಾತ್ರ ಒಪ್ಪಿದವು. ಆದರೂ ಹತ್ತು ವರ್ಷದ ಬಳಿಕ ನೋಡಿದಾಗ ಯೋಜನೆಗೆ ಕರೆದ ಮನೆಗಳ ಆದಾಯ, ಊಟ, ಆರೋಗ್ಯ ಕರೆಯದ ಬಡಮನೆಗಳಿಗಿಂತ ಮೇಲಿದ್ದವು.

ನಮ್ಮ ಬೀದರ್‌ಗೆ ಅಂಟಿಕೊಂಡ ಹಳೆಯ ಮೇದಕ್ ಜಿಲ್ಲೆಯ ಫಲಿತಾಂಶ ಮಾತ್ರ ಬೇರೆ. ಅಲ್ಲಿ ಎಮ್ಮೆಯಿಂದ ಆದಾಯ ಬಂತು, ಅಷ್ಟೇ ಪ್ರಮಾಣದಲ್ಲಿ ಕೂಲಿಯ ಆದಾಯ ಇಳಿಯಿತು. ಕೂಲಿ ದರ ಏರುತ್ತಿದ್ದ ಸೀಮೆ. ಯೋಜನೆಗೆ ಸೇರದವರೂ ಗದ್ದೆ ಕೆಲಸದಲ್ಲೇ ಅಷ್ಟು ದುಡಿದರು. ಹಲವರು ಎಮ್ಮೆ ಮಾರಿ ಹಳೇ ಸಾಲ ತೀರಿಸಿದರು. ಅವರನ್ನು ದೂರಲು ಏನೂ ಇಲ್ಲ, ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಯೋಜನೆ ತಂದವರದು: ಕೈಗೆ ಕೆಲಸವೇ ಇಲ್ಲದ ಹೆಂಗಸರಿಗೆಂದು ಹೊಲಿದ ಅಂಗಿಯನ್ನು ಕೂಲಿ ಸಿಗುವ ಊರಿಗೆ ತೊಡಿಸಿದರು.

ಬಿಹಾರ ಈ ಯೋಜನೆಯನ್ನು ತನಗೆ ಹೊಂದುವಂತೆ ಹೆಚ್ಚು ಬದಲಾಯಿಸಿಕೊಂಡಿತು. 2016ರ ಪಾನನಿಷೇಧದಿಂದ ಕಸುಬು ಕಳೆದುಕೊಂಡ ಸೇಂದಿ, ನಾಡಸಾರಾಯಿ ಕುಟುಂಬಗಳನ್ನೂ ಸೇರಿಸಿ 2018ರಲ್ಲಿ ಸತತ್ ಜೀವಿಕೋಪಾರ್ಜನ್ ಯೋಜನೆ ತಂದಿತು. ಆಯ್ಕೆ, ಖರೀದಿ ಎರಡೂ ಅಲ್ಲಿ ರಾಜ್ಯದ ಗ್ರಾಮೀಣ ಜೀವನೋಪಾಯ ಸಂಸ್ಥೆ ಜೀವಿಕಾ ಕಟ್ಟಿದ ಸ್ವಸಹಾಯ ಸಂಘಗಳ ಗ್ರಾಮ ಒಕ್ಕೂಟದ ಮೂಲಕ. ಹೆಂಗಸರು ದನಕ್ಕೇ ಅಂಟಿಕೊಳ್ಳದೆ ಕಿರಾಣಿ ಅಂಗಡಿಯನ್ನೂ ಆರಿಸಬಹುದು. ವ್ಯಾಪಾರ ಕುದುರುವವರೆಗೆ ತಿಂಗಳಿಗೆ 1,000 ರೂಪಾಯಿಯಂತೆ ಏಳು ತಿಂಗಳು ನೆರವು.